ಜಪಾನಿನ 20 ವಿದ್ಯಾರ್ಥಿಗಳಿಗೆ ಮೂರು ವಾರದಲ್ಲಿ ಅಮೆರಿಕನ್ ಸಮಾಜದ ಪರಿಚಯ: ಕರಡು ನೋಡಿ ಹೇಳಿ

ತುಂಗಾತೀರ:
ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದ 20 ಜನ ಪದವಿ ವಿದ್ಯಾರ್ಥಿಗಳಿಗೆ (19ರಿಂದ 21 ವಯಸ್ಸು) ಬೇಸಿಗೆ ರಜೆಯಲ್ಲಿ ಮೂರು ವಾರದ ಕಾರ್ಯಕ್ರಮ. ಜಾಗ ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ, ಸ್ಯಾನ್ ಹೊಸೆ ಕಡೆ. ಇಂಗ್ಲಿಷ್ ಕಲಿಸೋದು ಉದ್ದೇಶ ಅಲ್ಲ, ಇಲ್ಲಿನ ಸಮಾಜ ಪರಿಚಯಿಸಬೇಕು. ಈಗಿರುವ ಕರಡು: ಆಗಸ್ಟಿನ ಮೊದಲ ಮೂರು ವಾರ, ದಿನಾ ಬೆಳಿಗ್ಗೆ ಮೂರು ಗಂಟೆ ಉಪನ್ಯಾಸ, ಮಧ್ಯಾಹ್ನ ಆಲ್ಕಟ್ರಾಜ್ (ದ್ವೀಪದ ಮೇಲಿನ ಹಳೇ ಜೈಲು), ಟೆಕ್ ಕಂಪನಿಗಳ ಕ್ಯಾಂಪಸ್ಸು, ಯೊಸೆಮಿಟಿ ರಾಷ್ಟ್ರೀಯ ಉದ್ಯಾನ, ಒಂದು ಬೇಸ್‌ಬಾಲ್ ಆಟ. ಮೊದಲ ಎರಡು ವಾರ ಡಾರ್ಮ್ (ಕ್ಯಾಂಪಸ್ಸಿನ ಹಾಸ್ಟೆಲ್), ಕೊನೆಯ ವಾರ ಹೋಮ್‌ಸ್ಟೇ. ಹೀಗೆ ತಮ್ಮ ಮನೆಯಲ್ಲಿ ಇಟ್ಕೊಳ್ಳೋಕೆ ಕೆಲವು ಕನ್ನಡ ಕುಟುಂಬಗಳೂ ಮುಂದೆ ಬಂದಿವೆ. ಎಲ್ಲಿ ಎಡವುತ್ತಿದೆ, ತಿಳಿದವರು ಹೇಳಿ.

ಬಯಲುಸೀಮೆ:
ಮೊದಲ ಎಡವು ದಿನಾಂಕದಲ್ಲೇ ಇದೆ. ಆಗಸ್ಟಿನ ಆರಂಭದಲ್ಲಿ ಇಲ್ಲಿ ನೋಡಬೇಕಾದ ಸಮಾಜವೇ ರಜೆಯಲ್ಲಿರುತ್ತೆ. ಶಾಲೆಗಳು ಮುಚ್ಚಿರುತ್ತವೆ, ಬಹಳಷ್ಟು ನಗರಸಭೆಗಳು ಜುಲೈ-ಆಗಸ್ಟಿನಲ್ಲಿ ಬಿಡುವು ತಗೊಳ್ತವೆ. ಅತ್ತ ಜಪಾನಿನಲ್ಲಿ ಕೆಲವು ವಿಶ್ವವಿದ್ಯಾಲಯಗಳ ಪರೀಕ್ಷೆ ಆಗಸ್ಟ್ ಮೊದಲ ವಾರದವರೆಗೂ ಎಳೆಯುತ್ತೆ. 11ಕ್ಕೆ ಬೆಟ್ಟದ ದಿನದ ರಜೆ, 13ರಿಂದ 16 ಒಬೊನ್, ಅಂದರೆ ಅವರ ಪಿತೃಗಳ ಹಬ್ಬ. ಊರಿಗೆ ಊರೇ ಪ್ರಯಾಣ ಹೊರಡೋ ಕಾಲ, ವಿಮಾನದ ದರ ಮುಟ್ಟೋ ಹಾಗಿರಲ್ಲ.

ಸೆಪ್ಟೆಂಬರ್ 1ರಿಂದ 20ಕ್ಕೆ ಸರಿಸಿ. ಜಪಾನಿನ ಎರಡನೇ ಸೆಮಿಸ್ಟರ್ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಶುರು, ಆದ್ದರಿಂದ ಅವರಿಗೆ ತೊಂದರೆ ಇಲ್ಲ. ಡಾರ್ಮ್ ಸಿಗಬೇಕಾದರೆ ಕ್ವಾರ್ಟರ್ ಪದ್ಧತಿಯ (ವರ್ಷವನ್ನು ನಾಲ್ಕು ಅವಧಿಯಾಗಿ ಹಂಚುವ) ಕ್ಯಾಂಪಸ್ ಹಿಡಿಯಿರಿ: ಸ್ಟ್ಯಾನ್‌ಫರ್ಡ್, ಸಾಂತಾ ಕ್ರೂಜ್, ಡೇವಿಸ್ ಎಲ್ಲ ಸೆಪ್ಟೆಂಬರ್ ಕೊನೆಯ ಹೊತ್ತಿಗೇ ತೆರೆಯೋದು. ಬರ್ಕ್‌ಲಿ, ಸ್ಯಾನ್ ಹೊಸೆ ಸ್ಟೇಟ್ ಸೆಮಿಸ್ಟರಿನವು, ಆಗಸ್ಟ್ ಕೊನೆಗೇ ಕೋಣೆ ತುಂಬಿರುತ್ತೆ. ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ, ಸರ್ಕಾರಿ ಕಚೇರಿ ಯಾವುದೂ ತೆರೆದಿರಲ್ಲ, ಅವತ್ತು ಭೇಟಿ ಇಟ್ಕೋಬೇಡಿ. ಇನ್ನೊಂದು ಲಾಭ ಹವಾಮಾನ. ಜುಲೈ-ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಂಜು ಕವಿದು ನಡುಗಿಸುತ್ತೆ, ಸೆಪ್ಟೆಂಬರಿನಲ್ಲಿ ಬಿಸಿಲು.

ಒಗ್ಗರಣೆ:
ಕ್ವಾರ್ಟರ್ ಕ್ಯಾಂಪಸ್ಸಿನಲ್ಲಿ ಆ ಹೊತ್ತಿಗೆ ಅಮೆರಿಕನ್ ವಿದ್ಯಾರ್ಥಿಗಳೇ ಇರಲ್ಲವಲ್ಲ? ಖಾಲಿ ಹಾಸ್ಟೆಲಿನಲ್ಲಿ 20 ಜನ ಜಪಾನಿನವರು ಜಪಾನಿನವರ ಜೊತೆಗೇ ಇದ್ದು ಹೋಗ್ತಾರೆ.

ಬಯಲುಸೀಮೆ:
ನಿಜ, ಅದು ಈ ತಿಂಗಳಿಗೆ ತೆರಬೇಕಾದ ಬೆಲೆ. ಮಲಗೋದು ಕ್ವಾರ್ಟರ್ ಕ್ಯಾಂಪಸ್ಸಿನಲ್ಲಿ, ವಾರಕ್ಕೆರಡು ಮಧ್ಯಾಹ್ನ ಹತ್ತಿರದ ಸೆಮಿಸ್ಟರ್ ಕ್ಯಾಂಪಸ್ಸಿನಲ್ಲಿ ಸಂವಾದ ಅಂತ ಮಾಡಿ. ಜಪಾನಿ ಭಾಷೆ ಕಲಿಯುತ್ತಿರುವ ಅಮೆರಿಕನ್ ವಿದ್ಯಾರ್ಥಿಗಳನ್ನು ಮಾತ್ರ ಕರೆದರೆ ಹತ್ತೇ ನಿಮಿಷದಲ್ಲಿ ಮಾತು ಜಪಾನಿಗೆ ತಿರುಗುತ್ತೆ. ಸಮಾಜಶಾಸ್ತ್ರ, ನರ್ಸಿಂಗ್, ರಾಜ್ಯಶಾಸ್ತ್ರದವರನ್ನೂ ಸೇರಿಸಿ. ಒಂದು ಮೇಜಿಗೆ ಇಬ್ಬರು ಅತಿಥಿಗಳು, ಒಬ್ಬ ಅಮೆರಿಕನ್. ಇಬ್ಬರಿಗಿಂತ ಹೆಚ್ಚಾದರೆ ಒಬ್ಬರು ಸುಮ್ಮನಾಗಿಬಿಡ್ತಾರೆ.

ಕಾಗದಪತ್ರ ಗುಮಾಸ್ತ:
ವೀಸಾ ವಿಷಯ. ನಮ್ಮವರಿಗೆ ವೀಸಾ ಅಂದ ಕೂಡಲೇ ಎಫ್-1 (ವಿದ್ಯಾರ್ಥಿ ವೀಸಾ), ಐ-20 (ಅದಕ್ಕೆ ಕಾಲೇಜು ಕೊಡುವ ಪತ್ರ), ಚೆನ್ನೈ ಕಾನ್ಸುಲೇಟಿನ ಸಾಲು ನೆನಪಾಗುತ್ತೆ. ಜಪಾನ್ ಪಾಸ್‌ಪೋರ್ಟಿನ ಲೆಕ್ಕ ಬೇರೆ. ಅವರು ವೀಸಾ ವಿನಾಯಿತಿಯಲ್ಲಿ 90 ದಿನದವರೆಗೆ ಬರಬಹುದು, ಆನ್‌ಲೈನಿನಲ್ಲಿ ಎಸ್ಟಾ ಅನುಮತಿ ತಗೊಂಡರೆ ಆಯಿತು. ಶುಲ್ಕ 2025ರ ಸೆಪ್ಟೆಂಬರ್ ಕೊನೆಯಿಂದ 21 ಡಾಲರ್ ಇದ್ದದ್ದು 40 ಆಯಿತು. ಕನಿಷ್ಠ 72 ಗಂಟೆ ಮೊದಲು ಅರ್ಜಿ ಹಾಕಿ ಅಂತ ನಿಯಮ ಹೇಳುತ್ತೆ, ನೀವು ಒಂದು ತಿಂಗಳು ಮೊದಲೇ ಹಾಕಿಸಿ. ಸರ್ಕಾರಿ ತಾಣದ ಹಾಗೇ ಕಾಣುವ ದಲ್ಲಾಳಿ ತಾಣಗಳು ದುಪ್ಪಟ್ಟು ಕೀಳ್ತವೆ, ಆದ್ದರಿಂದ ಕೊಂಡಿಯನ್ನು ನೀವೇ ಕಳಿಸಿ. 2011ರ ಮಾರ್ಚ್ ನಂತರ ಇರಾನ್, ಇರಾಕ್, ಸಿರಿಯಾದಂಥ ದೇಶಗಳಿಗೆ ಹೋಗಿದ್ದವರಿಗೂ 2021ರ ಜನವರಿ 12ರ ನಂತರ ಕ್ಯೂಬಾಗೆ ಹೋಗಿದ್ದವರಿಗೂ ಎಸ್ಟಾ ನಡೆಯಲ್ಲ.

ಸಿಕ್ಕು ಇರೋದು ಇಲ್ಲಿ: ಎಸ್ಟಾದಲ್ಲಿ ಬಂದವರು ಹವ್ಯಾಸಕ್ಕೆ ಅನ್ನುವಂಥ ಚಿಕ್ಕ ಕೋರ್ಸ್ ಮಾಡಬಹುದು, ಪದವಿಗೆ ಲೆಕ್ಕವಾಗುವ ಕ್ರೆಡಿಟ್ ತಗೊಳ್ಳುವಂತಿಲ್ಲ. ಭಾಷಾ ಕೋರ್ಸ್ ವಾರಕ್ಕೆ 18 ಗಂಟೆ ತರಗತಿ ಮುಟ್ಟಿದರೆ ಅದು ಪೂರ್ಣಾವಧಿ ಓದು, ಎಫ್-1 ಬೇಕು. ನಿಮ್ಮ ಕರಡಿನಲ್ಲಿ ದಿನಕ್ಕೆ ಮೂರು ಗಂಟೆಯಂತೆ ಐದು ದಿನಕ್ಕೆ 15. ಯಾರೋ ಉತ್ಸಾಹದಿಂದ ಸಂಜೆಗೆ ಇಂಗ್ಲಿಷ್ ಪಾಠ ಸೇರಿಸಿದರೆ ಗೆರೆ ದಾಟುತ್ತೆ. ಇನ್ನು ವಾಪಸ್ ಹೋದ ಮೇಲೆ ಜಪಾನಿನ ವಿಶ್ವವಿದ್ಯಾಲಯವೇ ತನ್ನ ಕಡೆಯಿಂದ ಎರಡು ಕ್ರೆಡಿಟ್ ಕೊಡೋದು ಸಾಮಾನ್ಯ. ಅದು ಇದ್ದರೆ ಎಸ್ಟಾ ಸಾಕೋ ಇಲ್ಲವೋ ಅನ್ನೋದನ್ನು ಇಲ್ಲಿ ನಾವು ತೀರ್ಮಾನ ಮಾಡೋದಲ್ಲ. ಆತಿಥೇಯ ಕ್ಯಾಂಪಸ್ಸಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಲಿಖಿತವಾಗಿ ಉತ್ತರ ತಗೊಳ್ಳಿ. ಎಫ್-1 ಅಂತಾದರೆ ತಲೆಗೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯ) ಶುಲ್ಕ 350 ಡಾಲರ್, ವೀಸಾ ಅರ್ಜಿ 185, ಮೇಲೆ ಸಂದರ್ಶನದ ದಿನಾಂಕ. ಮೇ ತಿಂಗಳಲ್ಲಿ ಎಚ್ಚೆತ್ತರೆ ತಡ.

ವಲಸೆ ಕೌಂಟರಿನಲ್ಲಿ "ಯಾಕೆ ಬಂದಿರಿ" ಅಂದಾಗ ಹುಡುಗರು "ಸ್ಟಡಿ" ಅಂತ ಒಂದೇ ಪದ ಹೇಳಿ ನಿಂತುಬಿಡ್ತಾರೆ. ಅಧಿಕಾರಿ ಪಕ್ಕದ ಕೋಣೆಗೆ ಕಳಿಸ್ತಾನೆ. ಕಾರ್ಯಕ್ರಮದ ಹೆಸರು, ದಿನಗಳು, ಕ್ರೆಡಿಟ್ ಇದೆಯೋ ಇಲ್ಲವೋ, ವಸತಿಯ ವಿಳಾಸ, ವಾಪಸ್ ಟಿಕೆಟ್ಟು, ಇಷ್ಟಿರುವ ಒಂದು ಪುಟದ ಪತ್ರವನ್ನು ಕಾಗದದಲ್ಲೇ ಪ್ರತಿಯೊಬ್ಬರ ಕೈಯಲ್ಲಿಡಿ.

ತ್ಸುಕುಬಾದವ:
ಗುಮಾಸ್ತರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. "ಜಪಾನಿನ ವಿದ್ಯಾರ್ಥಿಗಳು" ಅಂದರೆ ಎಲ್ಲರದ್ದೂ ಜಪಾನ್ ಪಾಸ್‌ಪೋರ್ಟ್ ಅಲ್ಲ. ಚೀನಾ, ವಿಯೆಟ್ನಾಂ, ಭಾರತದವರು ಆ ತರಗತಿಗಳಲ್ಲಿ ಇದ್ದೇ ಇರ್ತಾರೆ. ಇವರಿಗೆ ಎಸ್ಟಾ ಇಲ್ಲ, ವೀಸಾ ಬೇಕೇ ಬೇಕು. ಜಪಾನಿನ ನಿವಾಸ ಕಾರ್ಡ್ ಇದ್ದರೆ ಅಲ್ಲಿಂದಲೇ ಅರ್ಜಿ ಹಾಕಬಹುದು, ಸ್ವದೇಶಕ್ಕೆ ಓಡಬೇಕಿಲ್ಲ. ಜಪಾನಿನಿಂದ ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೊಡುವ ಚೀಟಿಯಲ್ಲಿ ವಿಶೇಷ ಮರುಪ್ರವೇಶದ ಚೌಕಕ್ಕೆ ಗುರುತು ಹಾಕಲೇಬೇಕು. ಅದನ್ನು ಮರೆತರೆ ಓದಿನ ವೀಸಾವೇ ಬಿದ್ದುಹೋಗುತ್ತೆ. ಹೆಸರು ಕೊಟ್ಟವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಏಪ್ರಿಲಿನಲ್ಲೇ ಕೇಳಿ.

ಬಯಲುಸೀಮೆ:
ಈಗ ವಿಷಯಕ್ಕೆ ಬರೋಣ. ಕರಡಿನ ಮಧ್ಯಾಹ್ನಗಳೆಲ್ಲ ಪ್ರವಾಸಿಗರ ಪಟ್ಟಿ. ಯೊಸೆಮಿಟಿಗೆ ಬಸ್ಸಿನಲ್ಲಿ ಹೋಗ್ತಾ ನಾಲ್ಕು ಗಂಟೆ, ಬರ್ತಾ ನಾಲ್ಕು ಗಂಟೆ. ಟೆಕ್ ಕ್ಯಾಂಪಸ್ಸಿನ ಹೊರಗೆ ಫೋಟೊ ತೆಗೆಸಿಕೊಂಡರೆ ಸಮಾಜ ಏನೂ ಕಾಣಲ್ಲ. ಇಡೀ ಅಮೆರಿಕ ಅನ್ನೋ ಆಸೆ ಬಿಟ್ಟು ಒಂದೇ ಊರನ್ನು ಹಿಡಿಯಿರಿ: ಅದರ ನಗರಸಭೆ, ಕೋರ್ಟು, ಗ್ರಂಥಾಲಯ, ಶಾಲೆ, ಫುಡ್ ಬ್ಯಾಂಕು (ಇಲ್ಲದವರಿಗೆ ಹಂಚೋಕೆ ಆಹಾರ ಕೂಡಿಡುವ ಸಂಸ್ಥೆ). ಇವೆಲ್ಲ ಪುಕ್ಕಟೆ, ಹೆಚ್ಚಿನವು ಸಾರ್ವಜನಿಕರಿಗೆ ತೆರೆದವು. ಆದರೆ ಪ್ರತಿಯೊಂದಕ್ಕೂ ಒಳಗುಟ್ಟು ಇದೆ.

ನಗರಸಭೆ: ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆ ಪ್ರಕಾರ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಮಂಗಳವಾರ ಸಂಜೆ ಸಭೆ ಅಂದರೆ ಶನಿವಾರದೊಳಗೆ ಪಟ್ಟಿ ಕೈಗೆ ಸಿಗುತ್ತೆ. ಅದರಲ್ಲಿ ಒಂದೇ ವಿಷಯ ಆರಿಸಿ, ಸೈಕಲ್ ದಾರಿಯೋ ಬಾಡಿಗೆ ಮನೆಗಳ ಕಟ್ಟಡವೋ. ಸೋಮವಾರದ ತರಗತಿಯಲ್ಲಿ ಅದರ ಎರಡು ಪುಟ ಓದಿಸಿ. ಸಭೆಯಲ್ಲಿ ಒಂದೂವರೆ ಗಂಟೆ ಕೂತು ಎದ್ದುಬನ್ನಿ, ಕೊನೆ ತನಕ ಕೂರಿಸಿದರೆ ಮಧ್ಯರಾತ್ರಿ ಆಗುತ್ತೆ. ಜನ ಎದ್ದು ಎರಡು-ಮೂರು ನಿಮಿಷ ಮಾತಾಡಿ ಮೇಯರ್ ಮುಖಕ್ಕೇ ಬೈದು ಕೂರೋದು ಈ ಹುಡುಗರಿಗೆ ಬೇಸ್‌ಬಾಲಿಗಿಂತ ದೊಡ್ಡ ತಮಾಷೆ. ಮಾತಾಡೋಕೆ ಪೌರತ್ವ ಬೇಕಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತೆಯೂ ಇಲ್ಲ. ಮೊದಲ ವಾರ ಬೇಡ, ಜೆಟ್‌ಲ್ಯಾಗಿನಲ್ಲಿ ಸಂಜೆ ಏಳಕ್ಕೆ ಸಾಲಾಗಿ ತೂಕಡಿಸ್ತಾರೆ.

ಕೋರ್ಟು: ಬೆಳಗಿನ ಹಾಜರಾತಿ ಕಲಾಪಕ್ಕೆ ಕರ್ಕೊಂಡು ಹೋಗಬೇಡಿ. ಒಂದು ಪ್ರಕರಣಕ್ಕೆ ಎರಡು ನಿಮಿಷ, ಎಲ್ಲ ಸಂಕೇತ ಭಾಷೆ, ಇಂಗ್ಲಿಷ್ ಮನೆಮಾತಿನವರಿಗೂ ಅರ್ಥ ಆಗಲ್ಲ. ಜ್ಯೂರಿ, ಅಂದರೆ ತೀರ್ಪು ಕೊಡುವ ನಾಗರಿಕರನ್ನು, ಆರಿಸುವ ದಿನ ಹೋಗಿ. ಬಸ್ ಚಾಲಕ, ದಾದಿ, ನಿವೃತ್ತ ಮೇಷ್ಟ್ರು ಒಬ್ಬೊಬ್ಬರಾಗಿ ತಾವು ಯಾರು, ಪೊಲೀಸರನ್ನು ನಂಬ್ತಾರೋ ಇಲ್ಲವೋ ಅಂತ ಸರಳ ಇಂಗ್ಲಿಷಿನಲ್ಲಿ ಹೇಳ್ತಾರೆ. ತೊಡಕು ಅಂದರೆ ಅವತ್ತು ಆಸನಗಳೆಲ್ಲ ಜ್ಯೂರಿಗೆ ಬಂದವರಿಂದಲೇ ತುಂಬಿರುತ್ತೆ, 20 ಜನ ಒಟ್ಟಿಗೆ ಹೊಕ್ಕರೆ ಹೊರಗೆ ನಿಲ್ಲಿಸ್ತಾರೆ. ಮೊದಲೇ ಕ್ಲರ್ಕಿಗೆ ಫೋನ್ ಮಾಡಿ, ಐದೈದು ಜನ ಬೇರೆ ಬೇರೆ ಕೋಣೆಗೆ ಹೋಗಿ. ಹೋಲಿಕೆಗೆ ಜಪಾನಿನಲ್ಲೇ ಒಳ್ಳೇ ವಸ್ತು ಇದೆ. 2009ರ ಮೇ ತಿಂಗಳಿಂದ ಅಲ್ಲಿ ಗಂಭೀರ ಅಪರಾಧಗಳ ವಿಚಾರಣೆಗೆ ಮೂವರು ನ್ಯಾಯಾಧೀಶರ ಜೊತೆ ಆರು ಜನ ನಾಗರಿಕರು ಕೂರ್ತಾರೆ. ಇಲ್ಲಿ 12 ಜನ ನಾಗರಿಕರಷ್ಟೇ ಬಾಗಿಲು ಹಾಕ್ಕೊಂಡು ತೀರ್ಮಾನಿಸ್ತಾರೆ, ಅದೂ ಒಮ್ಮತದಿಂದ. ಜಪಾನಿನಲ್ಲಿ 2023ರಿಂದ 18 ತುಂಬಿದವರಿಗೂ ಕರೆ ಬರಬಹುದು, ಅಂದರೆ ಇದೇ ಹುಡುಗರಿಗೆ. ಚರ್ಚೆ ತಾನಾಗೇ ಹುಟ್ಟುತ್ತೆ.

ಫುಡ್ ಬ್ಯಾಂಕಿನಲ್ಲಿ ಎರಡು-ಮೂರು ಗಂಟೆಯ ಸ್ವಯಂಸೇವೆಯ ಪಾಳಿಗೆ ಗುಂಪಾಗಿ ಹೆಸರು ಬರೆಸಬೇಕು, ಜಾಗ ಬೇಗ ತುಂಬುತ್ತೆ. ಮುಂಭಾಗ ಮುಚ್ಚಿದ ಶೂ ಕಡ್ಡಾಯ.

ಹಳೇ ದಾಖಲೆ:
ಒಂದು ವಿಷಯ ಕರಡಿನಲ್ಲಿ ಪೂರ್ತಿ ಬಿಟ್ಟುಹೋಗಿದೆ. ಜಪಾನಿನಿಂದ ಬಂದವರಿಗೆ ಅಮೆರಿಕ ತೋರಿಸೋವಾಗ ಜಪಾನಿ-ಅಮೆರಿಕನ್ನರ ಕಥೆ ಇಲ್ಲದೆ ಹೇಗೆ? ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 19ರ ಅಧ್ಯಕ್ಷರ ಆದೇಶ 9066ರ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ದಬ್ಬಿದರು, ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. 1988ರ ಕಾನೂನಿನಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಜಪಾನಿನಲ್ಲಿ ಬೆಳೆದ ಹುಡುಗರಿಗೆ ಇದರ ಪರಿಚಯ ಬಹಳ ಕಡಿಮೆ.

ಅವುಗಳಲ್ಲೊಂದಾದ ಮಾಂಜನಾರ್ ಶಿಬಿರಕ್ಕೆ ಇಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರೋದು ಆಗದ ಮಾತು. ಅದಕ್ಕೆ ಬದಲು ಸ್ಯಾನ್ ಬ್ರೂನೊ ಬಾರ್ಟ್ ರೈಲು ನಿಲ್ದಾಣದಲ್ಲಿ ಇಳಿಯಿರಿ. ಪಕ್ಕದಲ್ಲಿ ಆಗ ಇದ್ದ ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನದಲ್ಲಿ ಸುಮಾರು 8,000 ಜನರನ್ನು ಕೂಡಿಹಾಕಿದ್ದರು, ಕುದುರೆ ಲಾಯಗಳಲ್ಲೇ ಸಂಸಾರ. ಅಲ್ಲಿಂದ ಹೆಚ್ಚಿನವರನ್ನು ಯೂಟಾದ ಟೊಪಾಜ್ ಶಿಬಿರಕ್ಕೆ ಸಾಗಿಸಿದರು. 2022ರಲ್ಲಿ ನಿಲ್ದಾಣದ ಹೊರಗೆ ಸ್ಮಾರಕ ಆಗಿದೆ, ಒಳಗೆ ಛಾಯಾಚಿತ್ರಗಳಿವೆ. ಬಸ್ ಖರ್ಚಿಲ್ಲ. ಇನ್ನೊಂದು ದಿನ ಸ್ಯಾನ್ ಹೊಸೆಯ ಜಪಾನ್‌ಟೌನ್. ಇಡೀ ದೇಶದಲ್ಲಿ ಉಳಿದಿರೋದೇ ಮೂರು, ಅದರಲ್ಲೊಂದು ಇದು, ವಸ್ತುಸಂಗ್ರಹಾಲಯವೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ಐಲ್ಯಾಂಡ್ ದ್ವೀಪದ ವಲಸೆ ಠಾಣೆ (1910ರಿಂದ 1940) ಕೂಡ ಒಳ್ಳೇದು. ಫೋಟೊ ಮಾತ್ರ ನೋಡಿ ಮದುವೆ ಗೊತ್ತಾಗಿದ್ದ ಜಪಾನಿ ವಧುಗಳು ಇಳಿದದ್ದು ಅಲ್ಲೇ. ದೋಣಿ ಕಟ್ಟೆಯಿಂದ ಠಾಣೆಗೆ ಏರುದಾರಿ, ವಾಪಸ್ ಕೊನೆಯ ದೋಣಿಯ ಸಮಯ ನೋಡಿಟ್ಟುಕೊಂಡು ಹೊರಡಿ.

ಮೊದಲೇ ಹೇಳಿಡಬೇಕಾದ ಮಾತು: ಅಲ್ಲಿ ವಿವರಿಸುವ ಹಿರಿಯರಿಗೆ ಜಪಾನಿ ಭಾಷೆ ಬರದೇ ಇರಬಹುದು. "ಮುಖ ನಮ್ಮದು, ಮಾತು ಯಾಕಿಲ್ಲ?" ಅಂತ ಹುಡುಗರು ಕೇಳಿಬಿಟ್ಟರೆ ಅವರಿಗೆ ಅದು ಹಳೇ ಗಾಯ. ಯುದ್ಧ ಕಾಲದಲ್ಲಿ ಮನೆಗಳಲ್ಲಿ ಆ ಭಾಷೆ ಯಾಕೆ ನಿಂತುಹೋಯಿತು ಅನ್ನೋದನ್ನು ಹಿಂದಿನ ದಿನದ ತರಗತಿಯಲ್ಲೇ ಹೇಳಿ.

ಅಂದಹಾಗೆ ಇಂಥ ಪರಿಚಯ ಕಾರ್ಯಕ್ರಮಕ್ಕೆ ಹಳೇ ಮಾದರಿಯೂ ಇದೆ. ಜಪಾನ್-ಅಮೆರಿಕ ವಿದ್ಯಾರ್ಥಿ ಸಮ್ಮೇಳನ 1934ರಿಂದ ಇದೆ, ವಿದ್ಯಾರ್ಥಿಗಳೇ ನಡೆಸೋದು. ಅಲ್ಲಿ ಎರಡೂ ಕಡೆಯವರು ಸಮಸಮ ಕೂತು ಮಾತಾಡ್ತಾರೆ, ಒಬ್ಬರು ಪಾಠ ಹೇಳಿ ಇನ್ನೊಬ್ಬರು ಬರ್ಕೊಳ್ಳೋದಲ್ಲ. ನಿಮ್ಮ ಸಂವಾದದ ಮಧ್ಯಾಹ್ನಗಳಿಗೆ ಆ ಅಂಶ ತಗೊಳ್ಳಿ.

ಒಗ್ಗರಣೆ:
ಹೋಮ್‌ಸ್ಟೇ ಬಗ್ಗೆ ನಾನು ಹೇಳ್ತೀನಿ. ಮೊದಲಿಗೆ ಮುಜುಗರದ ವಿಷಯ: ಕೆಲವು ಕಡೆ ಕಳಿಸುವವರು "ಅಮೆರಿಕನ್ ಕುಟುಂಬ" ಅಂದರೆ ಬಿಳಿಯರ ಮನೆ ಅಂತಲೇ ಅಂದುಕೊಂಡಿರ್ತಾರೆ. ಕನ್ನಡದವರ ಮನೆಗೆ ಹಾಕಿದರೆ "ಇದು ಭಾರತ ಅಲ್ವಾ" ಅಂತ ದೂರು. ಸಾಂತಾ ಕ್ಲಾರಾ ಕೌಂಟಿಯಲ್ಲಿ ಬೀದಿಗೆ ನಾಲ್ಕು ಮನೆ ನಮ್ಮವರದು, ವಿಯೆಟ್ನಾಮಿನವರದು, ಮೆಕ್ಸಿಕೊ ಮೂಲದವರದು. ಇದೇ ಇಲ್ಲಿನ ಅಮೆರಿಕ. ಈ ಮಾತನ್ನು ಮನೆ ಹಂಚುವ ಮೊದಲೇ, ಜಪಾನಿನಲ್ಲಿ ನಡೆಯುವ ಪೂರ್ವಸಿದ್ಧತೆಯ ಸಭೆಯಲ್ಲಿ ಹೇಳಿಬಿಡಿ.

ಮನೆಯ ವಿವರದ ಹಾಳೆಯಲ್ಲಿ ನಾಯಿ-ಬೆಕ್ಕು, ಸಸ್ಯಾಹಾರವೋ ಮೊಟ್ಟೆ ಉಂಟೋ, ಬಚ್ಚಲು ಎಷ್ಟು ಜನಕ್ಕೆ ಒಂದು, ಬಸ್ ನಿಲ್ದಾಣ ಎಷ್ಟು ದೂರ, ಮನೆ ನಿಶ್ಶಬ್ದ ಆಗೋದು ಎಷ್ಟು ಹೊತ್ತಿಗೆ, ಇವು ಇರಲಿ. ಬಚ್ಚಲು ಅಂದೆನಲ್ಲ, ಹೆಚ್ಚು ಜಗಳ ಅಲ್ಲೇ. ಜಪಾನಿನಲ್ಲಿ ತೊಟ್ಟಿಯ ಹೊರಗೆ ಕೂತು ಮೈ ತೊಳ್ಕೊಂಡು ಆಮೇಲೆ ಬಿಸಿನೀರಿಗೆ ಇಳೀತಾರೆ, ನೆಲಕ್ಕೆ ನೀರು ಹೋಗುವ ಕಂಡಿ ಇರುತ್ತೆ. ಇಲ್ಲಿ ಕಂಡಿ ಇಲ್ಲ. ಪರದೆಯನ್ನು ತೊಟ್ಟಿಯ ಒಳಗೆ ಬಿಡದಿದ್ದರೆ ನೀರು ಕೆಳಗಿನ ಮನೆಯ ಸೂರಿಗೆ ಇಳಿಯುತ್ತೆ. ಮೊದಲ ದಿನವೇ ಕೈಯಲ್ಲಿ ಹಿಡಿದು ತೋರಿಸಿ.

"ಫ್ರಿಜ್ಜಿನಲ್ಲಿ ಏನು ಬೇಕೋ ತಗೊಳ್ಳಿ" ಅಂದರೆ ಅವರು ಮುಟ್ಟಲ್ಲ, ಹಸಿದೇ ಮಲಗ್ತಾರೆ. ಒಂದು ಶೆಲ್ಫ್ ತೋರಿಸಿ "ಇದು ನಿಮ್ಮದು" ಅನ್ನಿ. ನಮ್ಮವರ ಮನೆಯ ತೊಂದರೆ ತಿರುಗುಮುರುಗು. ತಟ್ಟೆಯಲ್ಲಿ ಬಿಡಬಾರದು ಅಂತ ಅವರು ಖಾಲಿ ಮಾಡ್ತಾರೆ, ಖಾಲಿ ಕಂಡ ಕೂಡಲೇ ನಾವು "ಇನ್ನೊಂಚೂರು" ಅಂತ ಬಡಿಸ್ತೀವಿ, ಬೇಡ ಅನ್ನೋಕೆ ಅವರಿಗೆ ಬಾಯಿ ಬರಲ್ಲ. ಎರಡು ಸಲದ ಮೇಲೆ ಒತ್ತಾಯ ನಿಲ್ಲಿಸಿ, ಪುಣ್ಯ ಬರುತ್ತೆ. ಚಪ್ಪಲಿ ಹೊರಗೆ ಬಿಡೋದು ಮಾತ್ರ ಇಬ್ಬರಿಗೂ ಹೇಳಿಕೊಡಬೇಕಿಲ್ಲ.

ಬಯಲುಸೀಮೆ:
ತರಗತಿಯ ಮೌನದ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕನ್ ಮೇಷ್ಟ್ರುಗಳು ಸೋಲೋದು ಇಲ್ಲೇ. "ಎನಿ ಕ್ವೆಶ್ಚನ್ಸ್?" ಅಂತಾರೆ, ಮೂರು ಸೆಕೆಂಡ್ ಕಾಯ್ತಾರೆ, ಆಸಕ್ತಿ ಇಲ್ಲ ಅಂದ್ಕೊಂಡು ಮುಂದೆ ಹೋಗ್ತಾರೆ. ತಲೆ ಆಡಿಸ್ತಾ "ಹಾಯ್, ಹಾಯ್" (ಜಪಾನಿಯಲ್ಲಿ "ಹೌದು") ಅಂದರೆ ಒಪ್ಪಿದೆ ಅಂತಲ್ಲ, ಕೇಳಿಸ್ಕೊಳ್ತಿದೀನಿ ಅಂತ. ನಮ್ಮ "ಹೂಂ"ಗುಟ್ಟುವ ಹಾಗೆ. ಪ್ರಶ್ನೆಯನ್ನು ಹಿಂದಿನ ದಿನವೇ ಬರೆದು ಕೊಡಿ. ತರಗತಿಯಲ್ಲಿ ಎರಡು ನಿಮಿಷ ಪಕ್ಕದವರ ಜೊತೆ ಜಪಾನಿಯಲ್ಲೇ ಮಾತಾಡೋಕೆ ಬಿಡಿ, ಆಮೇಲೆ ಇಂಗ್ಲಿಷಿನಲ್ಲಿ ಜೋಡಿಯ ಪರವಾಗಿ ಒಬ್ಬರು ಹೇಳಲಿ. ಕೊನೆಯ ಐದು ನಿಮಿಷ ಚೀಟಿ ಬರೆಸಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ರಿಯಾಕ್ಷನ್ ಪೇಪರ್ ಅಂತ ಈ ಅಭ್ಯಾಸ ಇದ್ದೇ ಇದೆ. ಬಾಯಲ್ಲಿ ಬಾರದ ಪ್ರಶ್ನೆಗಳೆಲ್ಲ ಅದರಲ್ಲಿರುತ್ತೆ: ಗುಡಾರಗಳಲ್ಲಿ ಇರುವವರು ಯಾರು, ಬಂದೂಕು ಯಾಕೆ, ಇನ್ಶೂರೆನ್ಸ್ ಇಲ್ಲದವರು ಏನು ಮಾಡ್ತಾರೆ. ಮಾರನೇ ದಿನದ ಪಾಠವನ್ನು ಆ ಚೀಟಿಗಳಿಂದಲೇ ಶುರು ಮಾಡಿ. ಬೆಳಗಿನ ಮೂರು ಗಂಟೆಯಲ್ಲಿ ಉಪನ್ಯಾಸ 50 ನಿಮಿಷ ಮೀರಬಾರದು.

ಕಾಗದಪತ್ರ ಗುಮಾಸ್ತ:
ಕೆಲವು ಕಿರಿಕಿರಿಗಳು, ಒಂದೊಂದೇ.

ವಿಮೆ: ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದವರಿಗೆ ಕಾನೂನು ಕೇಳುವ ಅಳತೆ ಅಪಘಾತ ಅಥವಾ ಕಾಯಿಲೆಗೆ 1,00,000 ಡಾಲರ್, ತುರ್ತು ಸಾಗಾಟಕ್ಕೆ 50,000, ಮೃತರಾದರೆ ದೇಹ ತಲುಪಿಸೋಕೆ 25,000. ಎಸ್ಟಾದವರಿಗೆ ಇದು ಕಡ್ಡಾಯ ಅಲ್ಲ, ಆದರೂ ಇದಕ್ಕಿಂತ ಕಡಿಮೆ ಒಪ್ಪಬೇಡಿ. ತುರ್ತು ಸಂಖ್ಯೆ ಇಲ್ಲಿ 911 ಒಂದೇ, ಅಲ್ಲಿ ಪೊಲೀಸಿಗೆ 110, ಅಗ್ನಿಶಾಮಕ ಮತ್ತು ಆಂಬುಲೆನ್ಸಿಗೆ 119. ಗಾಬರಿಯಲ್ಲಿ ಬೆರಳು ಹಳೇ ಸಂಖ್ಯೆಗೇ ಹೋಗುತ್ತೆ.

ಮದ್ಯ: ಜಪಾನಿನಲ್ಲಿ 20, ಇಲ್ಲಿ 21. ಗುಂಪಿನ 20 ವರ್ಷದವರಿಗೆ ಇದೇ ಬಲೆ. ಗಾಂಜಾ ಕ್ಯಾಲಿಫೋರ್ನಿಯಾದಲ್ಲಿ 21 ತುಂಬಿದವರಿಗೆ ಅಂಗಡಿಯಲ್ಲೇ ಸಿಗುತ್ತೆ, ಮಿಠಾಯಿ ರೂಪದಲ್ಲೂ. ಕೇಂದ್ರದ ಕಾನೂನಿನಲ್ಲಿ ಇನ್ನೂ ಅಪರಾಧ, ಜಪಾನಿನಲ್ಲಂತೂ 2024ರ ಡಿಸೆಂಬರಿನಿಂದ ಸೇವನೆಯೇ ಅಪರಾಧ. ಗುರುತಿಲ್ಲದವರು ಕೊಟ್ಟ ಗಮ್ಮಿ ತಿನ್ನಬೇಡಿ ಅಂತ ನೇರವಾಗಿ ಹೇಳಿ.

ಸಾಮಾನು: ಮಾಂಸದ ಸಾರ ಇರುವ ಇನ್‌ಸ್ಟಂಟ್ ರಾಮೆನ್, ಕರಿ ರೂ (ಸಾರಿಗೆ ಹಾಕುವ ಮಸಾಲೆ ಗಟ್ಟಿ) ಕಸ್ಟಮ್ಸಿನಲ್ಲಿ ಕಿತ್ಕೊಳ್ತಾರೆ, ಉಡುಗೊರೆಗೆ ಅಕ್ಕಿಯ ತಿಂಡಿ ವಾಸಿ. ಕೆಲವು ಜಪಾನಿ ನೆಗಡಿ ಮಾತ್ರೆಯಲ್ಲಿ ಡೈಹೈಡ್ರೋಕೋಡಿನ್ ಇರುತ್ತೆ, ಇಲ್ಲಿ ಅದು ನಿಯಂತ್ರಿತ ವಸ್ತು. ಪ್ಲಗ್ ಒಂದೇ ಥರ, ಆದರೆ ಅಲ್ಲಿ 100 ವೋಲ್ಟ್, ಇಲ್ಲಿ 120. ಫೋನ್ ಚಾರ್ಜರಿಗೆ ಏನೂ ಆಗಲ್ಲ, 100 ಅಂತ ಮಾತ್ರ ಬರೆದಿರುವ ಹೇರ್ ಡ್ರೈಯರ್ ಕಾದು ಸುಡುತ್ತೆ.

ಹಣ: ಒಪ್ಪಂದ ಡಾಲರಿನಲ್ಲೋ ಯೆನ್ನಿನಲ್ಲೋ ಮೊದಲೇ ಬರೆಯಿರಿ. ತಲೆಗೆ 4,000 ಡಾಲರ್ ಅಂದರೆ ಡಾಲರಿಗೆ 110 ಯೆನ್ ಇದ್ದಾಗ 4,40,000 ಯೆನ್, 150 ಆದರೆ 6,00,000. ಹೆತ್ತವರಿಗೆ ಕರಪತ್ರ ಹೋಗೋದು ಏಪ್ರಿಲಿನಲ್ಲಿ, ನಿಮಗೆ ದುಡ್ಡು ಬರೋದು ಜುಲೈನಲ್ಲಿ. ಕನಿಷ್ಠ ಸಂಖ್ಯೆಯನ್ನೂ ಗೊತ್ತುಮಾಡಿ. ಬಸ್ಸಿಗೆ ದಿನಕ್ಕೆ 1,500 ಡಾಲರ್ ಅಂತಿಟ್ಕೊಂಡರೆ 20 ಜನಕ್ಕೆ ತಲಾ 75, ಬಂದದ್ದು 12 ಜನ ಆದರೆ 125. ಉಳಿತಾಯ ಅಂತ 15 ಸೀಟಿನ ವ್ಯಾನ್ ಹಿಡೀಬೇಡಿ, ಪೂರ್ತಿ ತುಂಬಿದಾಗ ಮಗುಚೋ ಅಪಾಯ ಹೆಚ್ಚು.

ತ್ಸುಕುಬಾದವ:
ಸೆಪ್ಟೆಂಬರ್ ಅಂದರೆ ಅಲ್ಲಿ ಟೈಫೂನ್ ಕಾಲ ಅನ್ನೋದೂ ನೆನಪಿರಲಿ. 2018ರ ಸೆಪ್ಟೆಂಬರ್ 4ರಂದು ಒಸಾಕಾದ ಕಾನ್ಸಾಯ್ ವಿಮಾನ ನಿಲ್ದಾಣವೇ ನೀರಲ್ಲಿ ಮುಳುಗಿತ್ತು. ಮೊದಲ ದಿನಕ್ಕೆ ಬದಲಾಯಿಸಲಾಗದ ಯಾವ ಟಿಕೆಟ್ಟೂ ಬೇಡ. ಇಲ್ಲಿ ಅದೇ ತಿಂಗಳು ಕಾಡ್ಗಿಚ್ಚಿನ ಹೊಗೆ. ಗಾಳಿಯ ಸೂಚ್ಯಂಕ 150 ದಾಟಿದರೆ ಹೊರಗಿನ ನಡಿಗೆ ಬಿಟ್ಟು ಒಳಗೆ ಮಾಡುವಂಥ ಒಂದು ದಿನದ ಪಾಠ ಸಿದ್ಧ ಇಟ್ಕೊಳ್ಳಿ. ಸುದ್ದಿ ಮುಟ್ಟಿಸೋಕೆ ಇಮೇಲ್ ಕಳಿಸಿದರೆ ಯಾರೂ ನೋಡಲ್ಲ, ಲೈನ್ ಆ್ಯಪಿನಲ್ಲಿ ಗುಂಪು ಮಾಡಿ.

ತುಂಗಾತೀರ:
ಎಲ್ಲರಿಗೂ ವಂದನೆ. ಕರಡು ಬದಲಾಯಿಸಿದೆ. ಸೆಪ್ಟೆಂಬರ್ 1ರಿಂದ 20. ಮೊದಲ ಮೂರು ದಿನ ಮಧ್ಯಾಹ್ನ ಬರೀ ನಡಿಗೆ: ಗ್ರಂಥಾಲಯ, ಅಂಚೆ ಕಚೇರಿ, ಅಂಗಡಿ, ರಾತ್ರಿ ಒಂಬತ್ತರವರೆಗೆ ಮಲಗೋಕೆ ಬಿಡಲ್ಲ. ಎರಡನೇ ವಾರ ನಗರಸಭೆ, ಕೋರ್ಟು, ಸ್ಯಾನ್ ಬ್ರೂನೊ, ಜಪಾನ್‌ಟೌನ್. ಮೂರನೇ ವಾರ ಹೋಮ್‌ಸ್ಟೇ, ಶಾಲೆ, ಫುಡ್ ಬ್ಯಾಂಕು. ಯೊಸೆಮಿಟಿ ಕೈಬಿಟ್ಟೆ, ಬೇಸ್‌ಬಾಲ್ ಮಾತ್ರ ಬಿಡೋಕೆ ಮನಸ್ಸಿಲ್ಲ. ಬುಧವಾರದ ಮಧ್ಯಾಹ್ನಗಳು ಇನ್ನೂ ಖಾಲಿ, ಏನು ತುಂಬಲಿ?

ಒಗ್ಗರಣೆ:
ಖಾಲಿಯೇ ಇರಲಿ, ತುಂಬಬೇಡಿ. ಬಟ್ಟೆ ಒಗೀಬೇಕಲ್ಲ. ಡಾರ್ಮಿನ ಯಂತ್ರ ನಾಣ್ಯದ್ದೋ ಕಾರ್ಡಿನದ್ದೋ ಈಗಲೇ ಕೇಳಿ. ನಾಣ್ಯದ್ದಾದರೆ ಬ್ಯಾಂಕಿನಿಂದ ಕ್ವಾರ್ಟರ್ (25 ಸೆಂಟಿನ ನಾಣ್ಯ) ಸುರುಳಿ ತಂದಿಡಿ, ಒಂದು ಸುರುಳಿಯಲ್ಲಿ 40 ಇರುತ್ತೆ, ಹತ್ತು ಡಾಲರ್.